ಅಡ್ಡತೊಲೆ ಇಲ್ಲದ ಅಟ್ಟ

ಅಟ್ಟ ಹತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ನನ್ನ ಹಣೆ ಮರಕ್ಕೆ ಬಡಿಯಿತು. ಒಳಗೆ ಬೆಳಕು ಕಡಿಮೆ. ಹಲಗೆಗೆ ಎಲ್ಲಿ ಗೆದ್ದಲು ಹತ್ತಿದೆಯೋ ಎಂದು ಟಾರ್ಚನ್ನು ನೆಲಕ್ಕೆ ಹಿಡಿದು ಹೋಗುತ್ತಿದ್ದವಳಿಗೆ ಎದುರಿನ ತೊಲೆ ಕಾಣಲಿಲ್ಲ. ಹಿಂದೆ ಬರುತ್ತಿದ್ದ ಕಾರ್ಖಾನೆಯ ಮ್ಯಾನೇಜರು, "ಅರೆ, ಸಂಭಾಲ್ ಕೇ ಮೇಡಂ" ಎಂದು ನಕ್ಕರು. "ಎಲ್ಲರಿಗೂ ಹೀಗೇ ಆಗುತ್ತೆ. ಆದರೆ ಇಲ್ಲಿ ಇರೋರು ಮಕ್ಕಳು ತಾನೇ? ಮಕ್ಕಳು ಎಷ್ಟು ಎತ್ತರ? ಇಷ್ಟು!" ಎಂದು ತಮ್ಮ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದರು.

ಫರೀದಾಬಾದಿನ ಆ ಕಾರ್ಖಾನೆಯಲ್ಲಿ ವಿದ್ಯುತ್ ಸ್ವಿಚ್ಚು ತಯಾರಾಗುತ್ತಿತ್ತು. ಪ್ಯಾಕಿಂಗ್ ವಿಭಾಗದಲ್ಲಿದ್ದವರೆಲ್ಲ ಹೆಂಗಸರು. ಅವರ ಚಿಕ್ಕ ಮಕ್ಕಳಿಗಾಗಿ ಒಂದು ಕ್ರೆಶ್ ಮಾಡಿಕೊಡಬೇಕೆಂಬ ಬೇಡಿಕೆ ಹಲವು ವರ್ಷಗಳಿಂದ ಇತ್ತು. ಕೆಳಗೆಲ್ಲೂ ಜಾಗವಿಲ್ಲ ಎನ್ನುತ್ತಿದ್ದ ಮಾಲೀಕರಿಗೆ ಒಂದು ದಿನ ಹಳೆಯ ಆಫೀಸು ಕಟ್ಟಡದ ಅಟ್ಟ ನೆನಪಾಯಿತು. ಇಟ್ಟಿಗೆ ಗೋಡೆ, ಇಳಿಜಾರು ಮಾಡು, ಮೇಲೆ ಹೆಂಚು. ದೆಹಲಿಯ ಸುತ್ತಮುತ್ತ ಅಪರೂಪಕ್ಕೆ ಕಾಣುವ ಕಟ್ಟಡ. ಆ ಅಟ್ಟದಲ್ಲಿ ಜನ ಇರುವಷ್ಟು ಎತ್ತರ ಇದೆಯೇ, ಅದನ್ನು ಕೋಣೆಯಾಗಿ ಮಾರ್ಪಡಿಸಬಹುದೇ ಎಂದು ನೋಡಿ ಹೇಳುವುದು ನನಗೆ ಒಪ್ಪಿಸಿದ ಕೆಲಸ.

ಒಪ್ಪಿಸಿದವರು ನಮ್ಮ ಸರ್. ಮೈಸೂರಿನ ಕಡೆಯವರು, ಸರ್ಕಾರಿ ಇಲಾಖೆಯೊಂದರಲ್ಲಿ ಎಂಜಿನಿಯರಾಗಿದ್ದು, ಸ್ವಯಂ ನಿವೃತ್ತಿ ಪಡೆದು, ಮಯೂರ್ ವಿಹಾರ್‌ನ ತಮ್ಮ ಫ್ಲ್ಯಾಟಿನ ಮುಂದಿನ ಕೋಣೆಯಲ್ಲೇ ಸಣ್ಣ ಆಫೀಸು ನಡೆಸುತ್ತಿದ್ದರು. ನಾನು ಜನಕಪುರಿಯಿಂದ ಹೋಗಿಬರುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದ ನನ್ನನ್ನು ಮತ್ತೆ ಕೆಲಸಕ್ಕೆ ಕರೆದವರು ಅವರು. "ಮಗು ಇದೆ ಸರ್" ಎಂದಾಗ, "ಕರ್ಕೊಂಡು ಬಾ, ನಮ್ಮನೇಲೂ ತೊಟ್ಟಿಲು ಕಟ್ಟೋ ಕೊಕ್ಕೆ ಇದೆ" ಎಂದಿದ್ದರು. ನಾನು ಲೆಕ್ಕ ಮಾಡುತ್ತ ಕುಳಿತರೆ ಒಳಗಿನ ಕೋಣೆಯಲ್ಲಿ ಅವರ ಹೆಂಡತಿ ನನ್ನ ಮಗಳಿಗೆ ಅನ್ನ ಸಾರು ಕಲಸಿ ತಿನ್ನಿಸುತ್ತಿದ್ದರು. ಮಗಳು ಅವರನ್ನು ಅಜ್ಜಿ ಎನ್ನುತ್ತಿದ್ದಳು, ಸರ್‌ಗೆ ತಾತ. ನನ್ನ ಅಪ್ಪ ತೀರಿಕೊಂಡ ಮೇಲೆ ನಾನು ಯಾರ ಮಾತನ್ನಾದರೂ ಎರಡನೆಯ ಸಲ ಯೋಚಿಸದೆ ನಂಬಿದ್ದರೆ ಅದು ಅವರೊಬ್ಬರ ಮಾತನ್ನು.

ಹಣೆ ಉಜ್ಜಿಕೊಂಡು ಕೆಲಸ ಶುರುಮಾಡಿದೆ. ಅಟ್ಟ ಅಳೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ನೆಲದಿಂದ ಮಾಡಿನ ನೆತ್ತಿಯವರೆಗೆ ಟೇಪು ಹಿಡಿದು, ಅದೇ ಎತ್ತರ ಎಂದುಕೊಳ್ಳುವುದು. ಇಲ್ಲಿ ನೆತ್ತಿ ಸುಮಾರು ಹತ್ತು ಅಡಿ ಇತ್ತು. ಆದರೆ ನೆತ್ತಿಯ ಕೆಳಗಿನ ಒಂದು ಗೆರೆಯಲ್ಲಿ ಯಾರೂ ಬದುಕುವುದಿಲ್ಲ. ಎರಡೂ ಪಕ್ಕದಲ್ಲಿ ಮಾಡು ಇಳಿದು ಇಳಿದು ಮೂರಡಿ ಎತ್ತರದ ಗೋಡೆಯ ಮೇಲೆ ಕೂರುತ್ತಿತ್ತು. ಆರೂವರೆ ಅಡಿಯ ಕೋಲು ಹಿಡಿದು ಗೋಡೆಯಿಂದ ನಡುವಿನ ಕಡೆಗೆ ಸರಿಯುತ್ತ ಬಂದೆ. ಕೋಲು ನೆಟ್ಟಗೆ ನಿಂತ ಜಾಗದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆ. ಗುರುತುಗಳನ್ನು ಕೂಡಿಸಿದರೆ ಇಪ್ಪತ್ತು ಅಡಿ ಅಗಲದ ಅಟ್ಟದಲ್ಲಿ ದೊಡ್ಡವರು ತಲೆಯೆತ್ತಿ ನಡೆಯಬಹುದಾದದ್ದು ನಡುವಿನ ಅರ್ಧ ಮಾತ್ರ. ಹಲಗೆಯ ಮೇಲೆ ಹೊಸ ನೆಲ ಹಾಕಬೇಕು. ಹೆಂಚಿನ ಕೆಳಗೆ ಬಿಸಿಲಿನ ಕಾವು ತಡೆಯುವ ಪದರ ಕೊಡಬೇಕು, ಇಲ್ಲದಿದ್ದರೆ ಮೇ ತಿಂಗಳಲ್ಲಿ ಮಕ್ಕಳು ಬೆಂದುಹೋಗುತ್ತವೆ. ಮೇಲಿನಿಂದಲೂ ಕೆಳಗಿನಿಂದಲೂ ಒಂದಷ್ಟು ಅಂಗುಲ ಅವಕ್ಕೇ ಹೋಗುತ್ತದೆ.

ಇವೆಲ್ಲಕ್ಕೂ ಏನಾದರೂ ದಾರಿ ಇತ್ತು. ತೊಂದರೆ ಇದ್ದದ್ದು ನನ್ನ ಹಣೆಗೆ ಬಡಿದ ತೊಲೆಯಲ್ಲಿ. ಮಾಡನ್ನು ಹೊತ್ತಿದ್ದದ್ದು ನಾಲ್ಕು ಮರದ ಟ್ರಸ್ಸುಗಳು, ಎಂದರೆ ತ್ರಿಕೋನದ ಚೌಕಟ್ಟುಗಳು. ಪ್ರತಿಯೊಂದರಲ್ಲೂ ನೆಲದಿಂದ ಐದಡಿ ಎತ್ತರದಲ್ಲಿ ಒಂದು ಅಡ್ಡತೊಲೆ ಈ ಪಕ್ಕದ ಇಳಿಜಾರು ಮರವನ್ನು ಆ ಪಕ್ಕದ ಮರಕ್ಕೆ ಬಿಗಿದಿತ್ತು. ಬಣ್ಣ ಬಳಿಯುವವರು ತರುವ, ಎರಡು ಕಾಲು ಅಗಲಿಸಿ ನಿಲ್ಲಿಸುವ ಏಣಿಯನ್ನು ನೋಡಿರುತ್ತೀರಿ. ಕಾಲುಗಳು ಜಾರಿ ಇನ್ನಷ್ಟು ಅಗಲವಾಗದಂತೆ ನಡುವೆ ಒಂದು ಹಗ್ಗ ಕಟ್ಟಿರುತ್ತಾರಲ್ಲ, ಅಡ್ಡತೊಲೆಯ ಕೆಲಸ ಆ ಹಗ್ಗದ ಕೆಲಸವೇ. ಅದನ್ನು ತೆಗೆದರೆ ಹೆಂಚಿನ ಭಾರವೆಲ್ಲ ಮರದ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಅವು ಗೋಡೆಯನ್ನು ತಳ್ಳುತ್ತವೆ.

ಹೊರಗೆ ಬಂದು ಗೋಡೆಯ ಉದ್ದಕ್ಕೂ ಅಲ್ಲಲ್ಲಿ ತೂಗುಗುಂಡು ಇಳಿಬಿಟ್ಟು ನೋಡಿದೆ. ಗೋಡೆ ನೆಟ್ಟಗಿತ್ತು. ಹಳೆಯ ಕೆಲಸ, ಒಳ್ಳೆಯ ಕೆಲಸ.

"ಮಕ್ಕಳ ತಲೆಗೆ ತೊಲೆ ತಾಗೋದಿಲ್ಲ, ನಿಜ" ಎಂದು ಮ್ಯಾನೇಜರಿಗೆ ಹೇಳಿದೆ. "ಆದರೆ ಅವರನ್ನ ನೋಡಿಕೊಳ್ಳೋ ಆಯಾ ದೊಡ್ಡವಳು. ಏನಾದರೂ ಅವಘಡವಾದರೆ ಕಂಕುಳಲ್ಲೊಂದು ಮಗು ಎತ್ತಿಕೊಂಡು ಅವಳು ಓಡಬೇಕು. ಕೋಣೆ ಅಳೆಯೋದು ಅವಳ ಎತ್ತರಕ್ಕೆ."

"ಹಾಗಾದರೆ ತೊಲೆ ತೆಗೆದರಾಯಿತು."

"ತೆಗೆಯೋ ಹಾಗಿಲ್ಲ."

ಕೆಳಗಿಳಿದಾಗ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಕಾದು ನಿಂತಿದ್ದರು. ನಡುವಯಸ್ಸು ದಾಟಿದ ಗಟ್ಟಿ ಹೆಂಗಸು. ಎಲ್ಲರೂ ಅವರನ್ನು ಭಾಭಿ ಎನ್ನುತ್ತಿದ್ದರು. ನನ್ನ ಹಣೆಯ ಬೋರೆ ನೋಡಿ ತಮ್ಮ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಒತ್ತಿದರು. ಅವರ ಮಗಳೂ ಅಲ್ಲೇ ಪ್ಯಾಕಿಂಗ್ ಮಾಡುತ್ತಿದ್ದಳು. ಅಂಬೆಗಾಲಿಡುವ ಮೊಮ್ಮಗ ಮನೆಯಲ್ಲಿ.

"ಯಾರು ನೋಡಿಕೊಳ್ಳುತ್ತಾರೆ?" ಎಂದೆ.

"ಮಂಚದ ಕಾಲಿಗೆ ದುಪಟ್ಟಾದಲ್ಲಿ ಕಟ್ಟಿ ಬರ್ತೀವಿ ಮೇಡಂ ಜೀ. ಪಕ್ಕದ ಮನೆಯವಳು ಆಗಾಗ ಇಣುಕಿ ನೋಡ್ತಾಳೆ." ಅವರು ಅದನ್ನು ಅಳುತ್ತ ಹೇಳಲಿಲ್ಲ, ದಿನದ ಸುದ್ದಿಯಂತೆ ಹೇಳಿದರು. "ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಅಚ್ಛಾ. ಹಾಗಾದರೆ ನಿಮಗೆ ಗೊತ್ತು."

ಲೋಕಲ್ ರೈಲಿನಲ್ಲಿ ಹಿಂತಿರುಗುವಾಗ ಆ ದುಪಟ್ಟಾ ಕಣ್ಣ ಮುಂದಿನಿಂದ ಸರಿಯಲಿಲ್ಲ. ಆಗುವುದಿಲ್ಲ ಎಂದು ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಹೇಗೆ ಆದೀತು ಎಂದು ಹುಡುಕತೊಡಗಿದೆ.

ಮುಂದಿನ ಕೆಲವು ದಿನ ಸರ್ ಮತ್ತು ನಾನು ಆ ಅಟ್ಟದ ಬಗ್ಗೆಯೇ ಮಾತಾಡಿದೆವು. ಅಡ್ಡತೊಲೆಯನ್ನು ಏಳಡಿಗೆ ಏರಿಸಿದರೆ ಹೇಗೆ? ಲೆಕ್ಕ ಹಾಕಿದೆ. ಅಷ್ಟು ಮೇಲೆ ಕಟ್ಟಿದರೆ ಕೆಳಗಿನ ಮರ ಬಾಗುತ್ತದೆ. ಏಣಿಯ ಹಗ್ಗವನ್ನು ತುದಿಯ ಹತ್ತಿರ ಕಟ್ಟಿದರೆ ಕಾಲು ಜಾರುವುದು ನಿಲ್ಲುತ್ತದೆಯೇ? ಮರದ ಬದಲು ತೆಳು ಉಕ್ಕಿನ ಸರಳು ಹಾಕಿದರೆ? ಸರಳೂ ಅದೇ ಐದಡಿಯಲ್ಲೇ ಬರಬೇಕು, ಮರದ ಬದಲು ಉಕ್ಕು ತಲೆಗೆ ಬಡಿಯುತ್ತದೆ. ಕೊನೆಗೆ ಉಳಿದದ್ದು ಒಂದೇ ದಾರಿ. ಮಾಡಿನ ನೆತ್ತಿಯ ಕೆಳಗೆ ಉದ್ದಕ್ಕೂ ಒಂದು ಉಕ್ಕಿನ ತೊಲೆ. ಅದನ್ನು ಹೊರಲು ನಡುವೆ ಎರಡು ಕಂಬ. ಆಗ ಮಾಡಿನ ಮರಗಳು ನೆತ್ತಿಯಲ್ಲಿ ಉಕ್ಕಿನ ಮೇಲೆ ತೂಗಿಕೊಳ್ಳುತ್ತವೆ, ಗೋಡೆಯನ್ನು ತಳ್ಳುವುದಿಲ್ಲ. ಆಮೇಲೆ ಅಡ್ಡತೊಲೆ ತೆಗೆಯಬಹುದು. ನಡುವಿನ ಅರ್ಧದಲ್ಲಿ ಮಕ್ಕಳು ಆಡಲಿ, ಪಕ್ಕದ ತಗ್ಗಿನಲ್ಲಿ ಹಾಸಿಗೆ ಹಾಸಿ ಮಲಗಲಿ. ಹೊರಗಿನಿಂದ ಇನ್ನೊಂದು ಅಗಲವಾದ ಮೆಟ್ಟಿಲು. ನಕ್ಷೆ ಮಾಡಿ ಸರ್ ಮುಂದೆ ಇಟ್ಟಾಗ ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಇದನ್ನ ನಾನೂ ಹೀಗೇ ಮಾಡ್ತಿದ್ದೆ ಕಣಮ್ಮ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಒಳಗೆ ಹೋಗಿ ಹೆಂಡತಿಗೆ ಕಾಫಿ ಮಾಡಲು ತಾವೇ ಹೇಳಿಬಂದರು.

ಇಬ್ಬರೂ ಕಾರ್ಖಾನೆಗೆ ಹೋದಾಗ ಮ್ಯಾನೇಜರು ಮಾತ್ರ ನಕ್ಷೆ ನೋಡಿದ ಕೂಡಲೇ ಕಂಬಗಳ ಮೇಲೆ ಬೆರಳಿಟ್ಟರು. ಅಟ್ಟದ ಕಂಬ ಅಟ್ಟದಲ್ಲೇ ನಿಲ್ಲುವುದಿಲ್ಲ. ಕೆಳಗಿನ ಅಂತಸ್ತನ್ನು ಹಾದು ನೆಲಕ್ಕಿಳಿದು ಅಡಿಪಾಯ ಸೇರಬೇಕು. ಕೆಳಗೆ ಮಾಲೀಕರು ಹೊಸದಾಗಿ ಅಲಂಕರಿಸಿದ್ದ ಸಭಾಂಗಣವಿತ್ತು, ಅಮೃತಶಿಲೆಯ ನೆಲ. ಅದನ್ನು ಅಗೆಯುವ ಮಾತೇ ಇಲ್ಲ ಎಂದರು. ನಾನು, ಹಾಗಾದರೆ ಅಟ್ಟದ ಮಾತೂ ಇಲ್ಲ, ಕೆಳಗೇ ಎಲ್ಲಾದರೂ ಕೋಣೆ ಹುಡುಕಿ ಎಂದೆ. ಮಾತು ಬಿಸಿಯಾಗುವ ಮೊದಲೇ ಸರ್ ನನ್ನ ಕೈ ತಟ್ಟಿದರು.

ಕಾರಿನಲ್ಲಿ ಬರುವಾಗ, "ಬಿಡಮ್ಮ, ಮಾಲೀಕರ ಹತ್ರ ನಾನು ಮಾತಾಡ್ತೀನಿ. ದೊಡ್ಡೋರನ್ನ ಒಪ್ಪಿಸೋದು ನಿನ್ನ ಕೆಲಸ ಅಲ್ಲ" ಎಂದರು. "ನೀನು ಜನಕಪುರಿಯ ಆ ನೀರಿನ ಟ್ಯಾಂಕಿನ ಕೆಲಸ ನೋಡ್ಕೋ. ಮನೆ ಹತ್ರ, ಮಗಳ ಜೊತೆ ಇರೋಕೂ ಆಗುತ್ತೆ."

ನನಗೆ ಸಂತೋಷವೇ ಆಯಿತು. ನನ್ನ ಬಗ್ಗೆ ಎಷ್ಟೆಲ್ಲ ಯೋಚಿಸುತ್ತಾರೆ ಎಂದುಕೊಂಡೆ. ಆಮೇಲೆ ಒಂದೆರಡು ಸಲ ಕೇಳಿದಾಗ, "ನಡೀತಾ ಇದೆ" ಎಂದರು. ಇನ್ನೊಮ್ಮೆ, "ಏನೋ ಒಂದು ದಾರಿ ಆಗುತ್ತೆ" ಎಂದರು. ಮಾಲೀಕರು ಮಾನೇಸರಿನಲ್ಲಿ ಹೊಸ ಕಾರ್ಖಾನೆ ಕಟ್ಟಿಸಲಿದ್ದಾರೆ, ಅದರ ವಿನ್ಯಾಸ ನಮಗೇ ಸಿಗಬಹುದು ಎಂದೂ ಉತ್ಸಾಹದಲ್ಲಿ ಹೇಳಿದ್ದರು. ಎರಡು ಮಾತನ್ನೂ ನಾನು ಜೋಡಿಸಿ ನೋಡಲಿಲ್ಲ.

ಬೇಸಿಗೆ ಹತ್ತಿರವಾಗುತ್ತಿದ್ದಾಗ ಭಾಭಿಯ ಫೋನು ಬಂತು.

"ಮೇಡಂ ಜೀ, ಎಷ್ಟು ದೊಡ್ಡ ಉಪಕಾರ ಮಾಡಿದಿರಿ! ಸೋಮವಾರದಿಂದ ಕ್ರೆಶ್ ಶುರುವಾಗಿದೆ. ನೀವು ಒಂದು ದಿನ ಬಂದು ಮಕ್ಕಳನ್ನ ನೋಡಲೇಬೇಕು."

"ಅಟ್ಟದಲ್ಲಾ?"

"ಮತ್ತೆ? ನೀವೇ ಅಳೆದಿರಲ್ಲ!"

ಕಂಬ ಹಾಕಲು ಒಪ್ಪಿದರೆಂದು ಕಾಣುತ್ತದೆ, ಇಷ್ಟು ಬೇಗ ಹೇಗೆ ಮುಗಿಸಿದರು ಎಂದು ಆಶ್ಚರ್ಯವಾಯಿತು. ಸರ್ ನನಗೆ ಹೇಳಲು ಮರೆತಿರಬೇಕು. ಮರುದಿನವೇ ಮಗಳನ್ನು ಸರ್ ಹೆಂಡತಿಯ ಹತ್ತಿರ ಬಿಟ್ಟು ಹೊರಟೆ, ದಾರಿಯಲ್ಲಿ ಮಕ್ಕಳಿಗೆಂದು ಒಂದು ಡಬ್ಬಿ ಪೇಡೆ ಕೊಂಡೆ.

ಸಭಾಂಗಣದ ಬಾಗಿಲು ತೆರೆದಿತ್ತು. ಹಾಯುವಾಗ ಒಳಗೆ ಕಣ್ಣಾಡಿಸಿದೆ. ಅಮೃತಶಿಲೆ ನುಣ್ಣಗೆ ಹೊಳೆಯುತ್ತಿತ್ತು. ಕಂಬ ಇರಲಿಲ್ಲ.

ಹಳೆಯ ಮೆಟ್ಟಿಲನ್ನೇ ಹತ್ತಿದೆ. ಮೇಲೆ ಗೋಡೆಗೆ ಹಳದಿ ಬಣ್ಣ, ಮೊಲ, ಚಿಟ್ಟೆ. ನೆಲಕ್ಕೆ ಹೊಸ ಹಾಸು. ಮೇಲೆ ಇಳಿಜಾರಾಗಿಯೇ ಕೂರಿಸಿದ ಬಿಳಿಯ ತೆಳು ಹಲಗೆಯ ಸೀಲಿಂಗ್, ಸೊಗಸಾಗಿತ್ತು. ಗೋಡೆಯ ಪಕ್ಕದಲ್ಲಿ ಸಾಲಾಗಿ ಮಕ್ಕಳು ಮಲಗಿದ್ದವು, ಕೆಲವು ಆಡುತ್ತಿದ್ದವು. ನಾನು ನಡುವೆ ನಡೆದು ಆ ತುದಿಯ ಕಿಟಕಿಯವರೆಗೂ ಹೋದೆ. ಹೋಗಿ ನಿಂತ ಮೇಲೆ ತಿಳಿಯಿತು, ನಾನು ಎಲ್ಲೂ ಬಗ್ಗಿರಲಿಲ್ಲ.

ಒಂದು ಕ್ಷಣ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಆಮೇಲೆ ಆಯಾಳ ಸ್ಟೂಲು ಕೇಳಿ ಪಡೆದು, ಹತ್ತಿ, ಸೀಲಿಂಗಿನ ಒಂದು ಹಲಗೆಯನ್ನು ಮೆಲ್ಲಗೆ ಎತ್ತಿ ಟಾರ್ಚು ಹಾಕಿದೆ. ಅಡ್ಡತೊಲೆಯ ಮೋಟು ತುದಿ ಇಳಿಜಾರು ಮರಕ್ಕೆ ಅಂಟಿಕೊಂಡೇ ಇತ್ತು. ಗರಗಸ ಕೊಯ್ದ ಮುಖ ಹಸಿಯಾಗಿ, ಬೆಲ್ಲದ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೇಲೆ, ನೆತ್ತಿಗೆ ಒಂದು ಗೇಣು ಕೆಳಗೆ, ಎರಡು ಕೈಯಗಲದ ಮರದ ಪಟ್ಟಿಯೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಏಣಿಯ ತುದಿಗೆ ಕಟ್ಟಿದ ಹಗ್ಗ. ನಾಲ್ಕೂ ಟ್ರಸ್ಸಿನ ಕೆಳಗೆ ಸ್ಟೂಲು ಸರಿಸಿ ಸರಿಸಿ ನೋಡಿದೆ. ನಾಲ್ಕೂ ಹಾಗೆಯೇ.

ಭಾಭಿ ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದರು. "ಏನು ನೋಡ್ತಿದ್ದೀರಿ ಮೇಡಂ ಜೀ?"

"ಇದನ್ನ ಕೊಯ್ಯುವಾಗ ನೀವು ಇದ್ರಾ?"

"ಇದ್ದೆ. ನಾನೇ ಕೇಳಿದೆ, ಇಷ್ಟು ದಪ್ಪ ಮರ ಕೊಯ್ತಿದ್ದೀರಲ್ಲ, ಏನೂ ಆಗಲ್ವಾ ಅಂತ. ನಿಮ್ಮ ದೊಡ್ಡ ಸಾಹೇಬರು ಇಲ್ಲೇ ನಿಂತಿದ್ದರು. ನಮ್ಮ ಮೇಡಂ ಲೆಕ್ಕ ಹಾಕಿ ಹೇಳಿದ್ದಾಳೆ, ಅವಳೂ ತಾಯಿ, ಮಕ್ಕಳ ವಿಷಯದಲ್ಲಿ ತಪ್ಪು ಮಾಡ್ತಾಳಾ ಅಂದರು. ಅದಕ್ಕೇ ಎಲ್ಲರೂ ಮಕ್ಕಳನ್ನ ತಂದು ಬಿಟ್ಟರು."

ಪೇಡೆಯ ಡಬ್ಬಿಯನ್ನು ಆಯಾಳ ಕೈಗೆ ಕೊಟ್ಟು ಕೆಳಗಿಳಿದೆ. ಚೀಲದಿಂದ ತೂಗುಗುಂಡು ತೆಗೆದು, ಅವತ್ತು ನಿಂತ ಜಾಗಗಳಲ್ಲೇ ನಿಂತು ಗೋಡೆಯ ಪಕ್ಕ ಇಳಿಬಿಟ್ಟೆ. ನಡುಭಾಗದಲ್ಲಿ ದಾರಕ್ಕೂ ಗೋಡೆಗೂ ನಡುವೆ ಮೇಲೊಂದು ಅಂತರ, ಕೆಳಗೊಂದು ಅಂತರ. ಗೋಡೆಯ ತಲೆ ಬೆರಳಿನಷ್ಟು ಹೊರಕ್ಕೆ ಬಾಗಿತ್ತು. ಅಟ್ಟದ ನೆಲದ ಮಟ್ಟಕ್ಕೆ ಸರಿಯಾಗಿ ಗಾರೆಯಲ್ಲಿ ಅಡ್ಡಗೆರೆಯಂಥ ಬಿರುಕು ಬಿಟ್ಟಿತ್ತು, ಅದರ ಅಂಚಿಗೆ ಇನ್ನೂ ಧೂಳು ಕೂತಿರಲಿಲ್ಲ.

ಮ್ಯಾನೇಜರು ಕೋಣೆಯಲ್ಲಿದ್ದರು. ಹೇಳಿದೆ. ಅವರು ಕುರ್ಚಿಯಿಂದ ಏಳಲಿಲ್ಲ. "ಮೇಡಂ, ನಿಮ್ಮ ಸಾಹೇಬರು ಸರಿ ಅಂತಾರೆ, ನೀವು ಸರಿಯಿಲ್ಲ ಅಂತೀರಿ. ಮೊದಲು ನೀವು ನೀವೇ ಮಾತಾಡಿಕೊಂಡು ಬನ್ನಿ."

ಮಯೂರ್ ವಿಹಾರ್ ತಲುಪುವಾಗ ಮಧ್ಯಾಹ್ನ ಮೀರಿತ್ತು. ಸರ್ ಊಟ ಮುಗಿಸಿ ಮೊಸರಿನ ಬಟ್ಟಲು ತಳ್ಳಿ ಕೂತಿದ್ದರು. ಅವರ ಹೆಂಡತಿ ನನ್ನ ಮುಖ ನೋಡಿ, "ಏನಾಯ್ತೇ? ಊಟ ಮಾಡಿಲ್ವಾ?" ಎಂದರು. ನಾನು ನಿಂತೇ ಇದ್ದೆ.

"ಸರ್, ಫರೀದಾಬಾದಿಗೆ ಹೋಗಿದ್ದೆ."

ಅವರು ಕೈ ಒರೆಸಿಕೊಂಡರು. ಮುಖದಲ್ಲಿ ಗಾಬರಿ ಇರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದರಿಂದಲೇ. "ಕೂತ್ಕೋ."

"ನಾಲ್ಕೂ ಅಡ್ಡತೊಲೆ ಕೊಯ್ಸಿದ್ದೀರಿ."

"ಮೇಲೆ ಕಾಲರ್ ಪಟ್ಟಿ ಕೊಟ್ಟಿದ್ದೀನಲ್ಲ. ಪಕ್ಕದ ಗೋಡೆಗಳಿವೆ, ಉದ್ದಕ್ಕೂ ಅಡ್ಡಮರಗಳಿವೆ, ಒಂದನ್ನೊಂದು ಹಿಡ್ಕೊಂಡಿರ್ತಾವೆ. ಹಳೇ ಸಾಗುವಾನಿ ಕಣಮ್ಮ, ಕಬ್ಬಿಣ ಇದ್ದಂಗೆ."

"ಕಾಲರ್ ಅಲ್ಲಿ ಕೂರಿಸಿದರೆ ಪ್ರಯೋಜನ ಇಲ್ಲ ಅಂತ ಈ ಮೇಜಿನ ಮೇಲೆ ಕೂತು ಇಬ್ಬರೂ ಲೆಕ್ಕ ಮಾಡಿದ್ವಲ್ಲ ಸರ್. ನೀವೇ ತಾನೇ ನನಗೆ ಅದನ್ನ ಹೇಳ್ಕೊಟ್ಟಿದ್ದು? ಗೋಡೆ ಈಗಾಗಲೇ ಬಾಗಿದೆ. ಗುಂಡು ಹಿಡಿದು ನೋಡಿ ಬಂದೆ."

"ಸ್ವಲ್ಪ ಕೂರುತ್ತೆ. ಆಮೇಲೆ ನಿಲ್ಲುತ್ತೆ."

"ನಿಲ್ಲದಿದ್ರೆ?"

ಅವರು ಮೊಸರಿನ ಬಟ್ಟಲನ್ನು ಇನ್ನಷ್ಟು ದೂರ ಸರಿಸಿದರು. "ಕಂಬ ಹಾಕಲ್ಲ ಅಂದ್ರು. ನಾವು ಆಗಲ್ಲ ಅಂದಿದ್ರೆ ಇನ್ನೊಬ್ಬನ್ನ ಕರೀತಿದ್ರು, ಅವನೂ ಇದನ್ನೇ ಮಾಡ್ತಿದ್ದ. ಮಾನೇಸರ್ ಕೆಲಸಾನೂ ಅವನಿಗೇ ಹೋಗ್ತಿತ್ತು" ಎಂದರು. "ಆ ಹೆಂಗಸರಿಗೂ ಬೇಕಾಗಿತ್ತು. ನಿನಗೇ ಅಷ್ಟು ಸಂಕಟ ಆಗಿತ್ತಲ್ಲ."

"ನನ್ನ ಹೆಸರು ಯಾಕೆ ಹೇಳಿದ್ರಿ ಸರ್?"

ಈ ಪ್ರಶ್ನೆಗೆ ಅವರು ತಯಾರಿರಲಿಲ್ಲ ಎಂದು ಕಾಣುತ್ತದೆ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಆಮೇಲೆ ಸಹಜವಾಗಿ, ನನಗೆ ಯಾವುದೋ ಸೂತ್ರ ವಿವರಿಸುವ ದನಿಯಲ್ಲಿಯೇ ಹೇಳಿದರು: "ನಾನು ಹೇಳಿದ್ರೆ ಅವರು ನಂಬ್ತಿರಲಿಲ್ಲ. ನೀನು ಹೇಳಿದ್ದು ಅಂದ್ರೆ ನಂಬ್ತಾರೆ."

ಒಳಗೆ ಮಗಳು ನಿದ್ದೆ ಮಾಡುತ್ತಿದ್ದಳು. ಎತ್ತಿಕೊಂಡೆ. ಅವರ ಹೆಂಡತಿ ಹಿಂದೆಯೇ ಬಾಗಿಲವರೆಗೆ ಬಂದು, "ಅವರೇನೋ ಅಂದ್ರು ಅಂತ ಮನಸ್ಸಿಗೆ ಹಚ್ಕೋಬೇಡ್ವೇ, ನಾಳೆ ಬಾ" ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮೇಲೆ ಕೋಪ ಮಾಡಿಕೊಳ್ಳಲಾಗದೆ, ತಲೆಯಾಡಿಸಿ ಹೊರಟೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಸಚಿವಾಲಯದ ಗುಮಾಸ್ತರು. ಎಲ್ಲಕ್ಕೂ ಮೇಲಿನವರಿಗೆ ಬರೆಯಬೇಕು ಎನ್ನುವ ಸ್ವಭಾವ. "ಕಾರ್ಖಾನೆ ಇನ್‌ಸ್ಪೆಕ್ಟರಿಗೆ ದೂರು ಬರಿ" ಎಂದರು. ಬರೆಯೋಣ, ಆದರೆ ಅದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆಂಧಿಯ ಕಾಲ ಬಂದುಬಿಡುತ್ತದೆ. ಬಾಗಿದ ಗೋಡೆಯ ಮೇಲೆ ಕೂತ ಮಾಡಿಗೆ ಧೂಳಿನ ಬಿರುಗಾಳಿ ಒಂದೇ ಸಲ ಸಾಕು. ನನ್ನ ಹೆಸರನ್ನು ನಂಬಿ ಬಿಟ್ಟುಹೋದ ಮಕ್ಕಳನ್ನು ನನ್ನ ಬಾಯಿಂದಲೇ ಹೇಳಿ ಕೆಳಗಿಳಿಸಬೇಕು ಎಂದು ನಿರ್ಧಾರ ಮಾಡಿದೆ. ಅಲ್ಲಿಂದ ಮುಂದೆ ಸರ್ ಆಫೀಸಿನಲ್ಲಿ ನನಗೆ ಜಾಗವಿರುವುದಿಲ್ಲ ಎಂಬುದೂ ಗೊತ್ತಿತ್ತು.

ಬೆಳಗಿನ ಪಾಳಿ ಶುರುವಾಗುವ ಮೊದಲು ಮೆಟ್ಟಿಲ ಬುಡದಲ್ಲಿ ನಿಂತೆ. ಹೆಂಗಸರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬಂದರು, ನನ್ನನ್ನು ಕಂಡು ನಕ್ಕರು, ಒಬ್ಬಳು ಕಾಲು ಮುಟ್ಟಲು ಬಗ್ಗಿದಳು.

"ಮೇಲೆ ಹೋಗಬೇಡಿ" ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಅಂಗಳದಲ್ಲಿ ಬಣ್ಣದವರ ಏಣಿ ಇತ್ತು. ತಂದು ಅವರ ಎದುರಿಗೇ ನಿಲ್ಲಿಸಿದೆ. ಹಗ್ಗ ಕಟ್ಟಿದ್ದಾಗ ಮೇಲಿನಿಂದ ಒತ್ತಿ ತೋರಿಸಿದೆ. ಹಗ್ಗ ಬಿಚ್ಚಿ ಮತ್ತೆ ಒತ್ತಿದೆ. ಎರಡು ಕಾಲೂ ಸರ್ರನೆ ಜಾರಿ ಏಣಿ ನೆಲಕ್ಕೆ ಬಡಿಯಿತು. ಒಂದು ಮಗು ಬೆಚ್ಚಿ ಅತ್ತಿತು.

"ಅಲ್ಲಿ ಕೊಯ್ದ ಮರ ಈ ಹಗ್ಗ. ಕೊಯ್ಯಿರಿ ಅಂತ ನಾನು ಹೇಳಿರಲಿಲ್ಲ. ಕೊಯ್ಯಬೇಡಿ ಅಂತಲೇ ಹೇಳಿದ್ದೆ."

ಹೆಂಗಸರು ಭಾಭಿಯತ್ತ ನೋಡಿದರು. ಭಾಭಿ ನನ್ನನ್ನೇ ನೋಡುತ್ತಿದ್ದರು. "ಹಾಗಾದರೆ ನಿಮ್ಮ ಸಾಹೇಬರು ಸುಳ್ಳು ಹೇಳಿದರಾ?"

"ಹೌದು."

"ಅಥವಾ ನೀವು ಈಗ ಹೇಳ್ತಿದ್ದೀರಾ?"

ನಾನು ಬಿದ್ದಿದ್ದ ಏಣಿಯನ್ನು ತೋರಿಸಿದೆ. ಅವರು ಮುಂದೆ ಬಂದು, ಧ್ವನಿ ಏರಿಸದೆಯೇ ಹೇಳಿದರು: "ಈ ಮಗುವನ್ನ ನಾಳೆ ಮತ್ತೆ ಮಂಚದ ಕಾಲಿಗೆ ಕಟ್ಟಬೇಕು ಮೇಡಂ ಜೀ. ಯಾವ ಗಂಟು ಹಾಕಬೇಕು ಅಂತ ಅದನ್ನೂ ಹೇಳಿ ಹೋಗಿ."

ಆದರೆ ಅವರು ಮೇಲೆ ಹೋಗಲಿಲ್ಲ. ಬೇರೆಯವರನ್ನೂ ಬಿಡಲಿಲ್ಲ. ಸಭಾಂಗಣದ ಬಾಗಿಲು ತಳ್ಳಿ, ಅಮೃತಶಿಲೆಯ ನೆಲದ ಮೇಲೆ ಒಂದು ಚಾದರ ಹಾಸಿ ಮೊಮ್ಮಗನನ್ನು ಕೂರಿಸಿದರು. ಉಳಿದವರೂ ತಂತಮ್ಮ ಮಕ್ಕಳನ್ನು ಅಲ್ಲೇ ಬಿಟ್ಟರು. ಮ್ಯಾನೇಜರು ಓಡಿಬಂದು ಕೂಗಾಡಿದರು. ಹೆಂಗಸರು ಯಂತ್ರಗಳ ಕಡೆಗೆ ಹೋಗದೆ ನಿಂತಲ್ಲೇ ನಿಂತರು. ನನ್ನನ್ನು ಕಾವಲುಗಾರ ಗೇಟಿನ ಹೊರಗೆ ಬಿಟ್ಟು ಬಂದ. ಹಿಂದೆ ತಿರುಗಿ ನೋಡಿದಾಗ ಯಾರೂ ನನ್ನ ಕಡೆ ಕೈ ಬೀಸಲಿಲ್ಲ.

ಕೆಲಸ ಬಿಟ್ಟೆ. ದೂರನ್ನೂ ಬರೆದೆ, ಉತ್ತರ ಬರಲಿಲ್ಲ. ಆ ವರ್ಷ ಮೇ ತಿಂಗಳ ಒಂದು ಸಂಜೆ ಆಂಧಿ ಎದ್ದು ಜನಕಪುರಿಯಲ್ಲೆಲ್ಲ ಬೇವಿನ ಕೊಂಬೆ ಮುರಿದು ಬಿದ್ದಾಗ, ಕಿಟಕಿ ಹಾಕಿಕೊಂಡು ಮಗಳನ್ನು ಅಪ್ಪಿ ಕುಳಿತಿದ್ದೆ. ತಡೆಯದೆ ಭಾಭಿಗೆ ಫೋನು ಮಾಡಿದೆ.

"ಏನೂ ಆಗಿಲ್ಲ" ಎಂದರು, ತುಸು ತಣ್ಣಗೆ. "ನಾವು ಕೆಲಸಕ್ಕೆ ಹೋಗಲಿಲ್ಲವಲ್ಲ, ನೀವು ಬಂದ ದಿನವೇ ಕೆಳಗಿನಿಂದ ಕಬ್ಬಿಣದ ಜಾಕಿ ಕೊಟ್ಟು ಮೇಲೆಲ್ಲ ಎತ್ತಿ ಹಿಡಿದರು. ಈಗ ಸಭಾಂಗಣದ ನೆಲ ಅಗೆದು ಎರಡು ದೊಡ್ಡ ಕಂಬ ಹಾಕ್ತಿದ್ದಾರೆ, ಮುಗಿಯೋವರೆಗೆ ಮಕ್ಕಳು ಪ್ಯಾಕಿಂಗ್ ವಿಭಾಗದಲ್ಲೇ ನಮ್ಮ ಜೊತೆ. ನಿಮ್ಮ ದೊಡ್ಡ ಸಾಹೇಬರೇ ಬಂದು ನಿಂತು ಮಾಡಿಸ್ತಿದ್ದಾರೆ. ಪಾಪ, ದಿನಾ ಬರ್ತಾರೆ."

"ಎರಡು ಕಂಬ? ನೆತ್ತಿಯ ಕೆಳಗೆ ಉದ್ದಕ್ಕೂ ಉಕ್ಕಿನ ತೊಲೆ?"

"ಅದೇ. ನಿಮಗೆ ಹೇಗೆ ಗೊತ್ತು?" ಸ್ವಲ್ಪ ತಡೆದು, ಸಮಾಧಾನ ಮಾಡುವಂತೆ ಹೇಳಿದರು. "ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಮೇಡಂ ಜೀ. ಅವರು ಎಲ್ಲ ಹೇಳಿದರು. ಹೊಸಬಳು, ಲೆಕ್ಕದಲ್ಲಿ ತಪ್ಪಿದಳು, ಈಗ ನಾನು ಸರಿಮಾಡ್ತೀನಿ ಅಂದರು. ತಪ್ಪು ಎಲ್ಲರಿಂದಲೂ ಆಗುತ್ತೆ. ನೀವು ಬಂದು ಒಪ್ಪಿಕೊಂಡಿರಲ್ಲ, ಅದೇ ದೊಡ್ಡದು."

ನಾನು ಒಪ್ಪಿಕೊಳ್ಳಲು ಬಂದಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ಕಡೆಯಿಂದ ಮಗುವಿನ ದನಿ, ಯಾರೋ ಕರೆಯುವ ದನಿ. ಭಾಭಿ, "ಅಚ್ಛಾ, ಇಡ್ತೀನಿ" ಎಂದು ಫೋನಿಟ್ಟರು. ಆ ಮಕ್ಕಳ ತಲೆಯ ಮೇಲೆ ಇನ್ನು ನನ್ನ ನಕ್ಷೆಯ ತೊಲೆ ಇರುತ್ತದೆ, ಗೋಡೆ ಬಾಗುವುದಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆದರೂ ಭಾಭಿಗೆ ಮತ್ತೆ ಫೋನು ಮಾಡಲಿಲ್ಲ.

ಮುಂದಿನ ಯುಗಾದಿಗೆ ಕನ್ನಡದವರೆಲ್ಲ ಸೇರಿದ ಒಂದು ಊಟದಲ್ಲಿ ಅವರನ್ನು ಮತ್ತೆ ಕಂಡೆ. ಹತ್ತಾರು ಜನರ ನಡುವೆ ನಿಂತಿದ್ದರು. ನನ್ನನ್ನು ನೋಡಿ ಮುಖ ಅರಳಿಸಿ, "ಬಾರಮ್ಮ, ಬಾ" ಎಂದು ಕರೆದು ಪಕ್ಕದವರಿಗೆ ಪರಿಚಯಿಸಿದರು. "ನನ್ನ ಹತ್ರಾನೇ ಕೆಲಸ ಕಲಿತವಳು. ಬಹಳ ಚುರುಕು. ಒಂದೇ ತೊಂದರೆ, ಸ್ವಲ್ಪ ಪುಕ್ಕಲು. ಒಂದು ಮಾಡು ಬಿದ್ದೇಹೋಗುತ್ತೆ ಅಂತ ಊರೆಲ್ಲ ಎಬ್ಬಿಸಿಬಿಟ್ಟಿದ್ದಳು. ಇವತ್ತಿಗೂ ನಿಂತಿದೆ!"

ಎಲ್ಲರೂ ನಕ್ಕರು.

"ನಿಂತಿದೆ ಸರ್" ಎಂದೆ. "ಕಂಬ ಹಾಕಿದ್ದೀರಲ್ಲ."

ಅವರ ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನಿಂದ ಸರಿದು ಊಟದ ಸಾಲಿನ ಕಡೆ ಹೋಯಿತು. ಅಷ್ಟರಲ್ಲಿ ನನ್ನ ಕೈ ಬಿಡಿಸಿಕೊಂಡ ಮಗಳು, "ತಾತಾ! ಆಪ್ ಕಹಾಂ ಥೇ? ಎಲ್ಲಿದ್ರಿ? ಯಾಕೆ ನಮ್ಮನೆಗೆ ಬರಲ್ಲ?" ಎಂದು ಕೂಗುತ್ತ ಓಡಿ ಹೋಗಿ ಅವರ ಕಾಲು ತಬ್ಬಿದಳು. ಅವರು ಬಗ್ಗಿ ಅವಳನ್ನು ಎತ್ತಿಕೊಂಡರು. ಅವಳ ಕೆನ್ನೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದರು. ಅದು ನಟನೆಯಾಗಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಅವಳನ್ನು ಎಳೆದುಕೊಳ್ಳಬೇಕೆಂದು ಕೈ ಎತ್ತಿದವಳು ಹಾಗೇ ಇಳಿಸಿದೆ. ಹೋಳಿಗೆ ಬಡಿಸುತ್ತಿದ್ದರು, ಹೋಗಿ ಎಲೆಯ ಮುಂದೆ ಒಬ್ಬಳೇ ಕುಳಿತೆ.